ತೀರಿದ ಸಾಲಕ್ಕೆ ಬಂದ ವಸೂಲಿ ಕರೆ: ಸಹಾಯವಾಣಿಯಿಂದ ಒಂಬುಡ್ಸ್‌ಮನ್‌ವರೆಗಿನ ಸೇವೆಗಳ ವಿಮರ್ಶೆ

2021ರ ಜೂನ್‌ನಲ್ಲಿ ಕೊನೆಯ ಕಂತು ಕಟ್ಟಿ, ಜುಲೈನಲ್ಲಿ ಸಾಲ ತೀರಿತೆಂಬ ಎನ್‌ಒಸಿ ಪತ್ರ ಪಡೆದು, ಆಗಸ್ಟ್‌ನಲ್ಲಿ ಆರ್‌ಟಿಒ ಕಚೇರಿಗೆ ಫಾರಂ 35 ಕೊಟ್ಟು ಆರ್‌ಸಿಯಲ್ಲಿದ್ದ ಸಾಲದ ನಮೂದನ್ನೂ ತೆಗೆಸಿಕೊಂಡಿದ್ದ ನನ್ನ ಸ್ಕೂಟರ್ ಸಾಲಕ್ಕೆ ₹8,580 ಬಾಕಿ ಇದೆಯೆಂದು 2024ರ ನವೆಂಬರ್ 12ರಂದು ಒಂದು ಕರೆ ಬಂತು. ಸಾಲ ಕೊಟ್ಟ ಹಣಕಾಸು ಕಂಪನಿ 2023ರಲ್ಲಿ ಇನ್ನೊಂದು ದೊಡ್ಡ ಕಂಪನಿಯಲ್ಲಿ ವಿಲೀನಗೊಂಡಿತ್ತು, ಕರೆ ಮಾಡಿದವರು ಆ ಹೊಸ ಕಂಪನಿಯ ಪರವಾಗಿ ಮಾತನಾಡುತ್ತಿದ್ದರು. ಅಲ್ಲಿಂದ ಮೂರು ತಿಂಗಳ ಕಾಲ ಕಂಪನಿಯ ಸಹಾಯವಾಣಿ, ಅದರ ಕುಂದುಕೊರತೆ ಕೋಶ, ನಮ್ಮ ಸಾಲ ಮರುಪಾವತಿಯ ದಾಖಲೆ ಇಡುವ ಒಂದು ಕ್ರೆಡಿಟ್ ಮಾಹಿತಿ ಸಂಸ್ಥೆಯ ತಕರಾರು ಸೇವೆ, ಕೊನೆಗೆ ಗ್ರಾಹಕರ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಸೇವೆ ಹೀಗೆ ನಾಲ್ಕು ಬಾಗಿಲುಗಳನ್ನು ತಟ್ಟಿದೆ. ಈ ಬರಹ ಆ ನಾಲ್ಕರ ವಿಮರ್ಶೆ. ಕಂಪನಿಗಳ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನನ್ನ ಲೆಕ್ಕ ಚುಕ್ತಾ ಆಗಿದೆ, ಮತ್ತು ಇಂಥ ತಪ್ಪು ಎರಡು ಗಣಕ ವ್ಯವಸ್ಥೆಗಳು ಒಂದಾಗುವ ಯಾವ ಕಡೆಯಲ್ಲಾದರೂ ಆಗಬಹುದಾದದ್ದು.

ವಿಲೀನವೆಂಬುದು ಕರ್ನಾಟಕದವರಿಗೆ ಹೊಸ ಮಾತಲ್ಲ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರ ಅದೇ ದಿನ ವಿಜಯಾ ಬ್ಯಾಂಕ್, 2020ರ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಹೆಸರಿನೊಳಗೆ ಸೇರಿಹೋದವು, ನಾವೆಲ್ಲ ಪಾಸ್‌ಬುಕ್, ಚೆಕ್‌ಬುಕ್, ಐಎಫ್‌ಎಸ್‌ಸಿ ಸಂಖ್ಯೆಗಳನ್ನು ಬದಲಿಸಿಕೊಂಡೆವು. ಆದರೆ ಅವೆಲ್ಲ ಚಾಲ್ತಿಯಲ್ಲಿದ್ದ ಖಾತೆಗಳು, ಅವುಗಳ ಮೇಲೆ ನಮ್ಮ ಕಣ್ಣಿತ್ತು. ಮುಗಿದುಹೋದ ಖಾತೆಯೂ ಹೀಗೆ ಸಾಗಣೆಯಾಗುತ್ತದೆ, ಸಾಗುವ ದಾರಿಯಲ್ಲಿ ಜೀವ ಪಡೆದು ಏಳಬಹುದು ಎಂಬುದು ನನಗೆ ಹೊಳೆದಿರಲಿಲ್ಲ.

ಲೆಕ್ಕ ಇಷ್ಟು. 2019ರ ಜೂನ್‌ನಲ್ಲಿ ₹60,000 ಸಾಲ, 24 ಕಂತು, ತಿಂಗಳಿಗೆ ₹3,054. ನಾನು ತುಮಕೂರಿನ ಖಾಸಗಿ ಶಾಲೆಯೊಂದರಲ್ಲಿ ಮೇಷ್ಟ್ರು. ಎರಡನೆಯ ಅಲೆಯ ಲಾಕ್‌ಡೌನಿನಲ್ಲಿ ಸಂಬಳ ತಡವಾಗಿ, 2021ರ ಜೂನ್ 5ರಂದು ಕೊನೆಯ ಕಂತಿಗೆ ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆಯಿತು. ಆ ತಪ್ಪು ನನ್ನದೇ. ಶಾಖೆ ತೆರೆದ ಮೇಲೆ ಜೂನ್ 23ರಂದು ಹೋಗಿ ಕಂತಿನ ₹3,054 ಮತ್ತು ಬೌನ್ಸ್ ಶುಲ್ಕದ ₹590, ಒಟ್ಟು ₹3,644 ನಗದಾಗಿ ಕಟ್ಟಿ ಮುದ್ರೆಯೊತ್ತಿದ ರಸೀದಿ ಪಡೆದೆ. ಮೂರು ವರ್ಷಗಳ ನಂತರ ಹೊಸ ಕಂಪನಿ ಕೇಳಿದ ₹8,580ರಲ್ಲಿ ಅದೇ ಕಂತು ₹3,054, ಅದೇ ಬೌನ್ಸ್ ಶುಲ್ಕ ₹590, ತಿಂಗಳಿಗೆ ಶೇ. 3ರಂತೆ 41 ತಿಂಗಳ ದಂಡಬಡ್ಡಿ ₹3,756, ಮತ್ತು ‘ಫಾಲೋ ಅಪ್’ ಎಂಬ ಹೆಸರಿನ ₹1,180 ಸೇರಿದ್ದವು. 41 ತಿಂಗಳಲ್ಲಿ ಒಂದು ಪತ್ರವನ್ನೂ ಬರೆಯದವರು ಯಾವುದನ್ನು ಫಾಲೋ ಅಪ್ ಮಾಡಿದರೆಂದು ನಾನು ಕೇಳಿದ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ.

ಮೊದಲಿಗೆ ವಸೂಲಿ ಕರೆಗಳ ವಿಚಾರ. ಮಾತನಾಡಿದ ಹುಡುಗ ಒರಟನಾಗಿರಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಮೂರನೆಯ ಕರೆ ರಾತ್ರಿ 7 ಗಂಟೆ 40 ನಿಮಿಷಕ್ಕೆ ಬಂತು, ನಾಲ್ಕನೆಯದು ನನಗಲ್ಲ, ಅರ್ಜಿಯಲ್ಲಿ ಪರಿಚಯದವರೆಂದು ಹೆಸರು ಕೊಟ್ಟಿದ್ದ ನನ್ನ ಭಾವನಿಗೆ ಹೋಯಿತು. ರಿಸರ್ವ್ ಬ್ಯಾಂಕು 2022ರ ಆಗಸ್ಟ್ 12ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಸಾಲಗಾರನ ಮನೆಯವರ ಮತ್ತು ಸ್ನೇಹಿತರ ಖಾಸಗಿತನಕ್ಕೆ ನುಗ್ಗುವಂತೆಯೂ ಇಲ್ಲ. ನಾನು ಜಗಳವಾಡಲಿಲ್ಲ. ಪ್ರತಿ ಕರೆಯ ದಿನಾಂಕ, ಸಮಯ, ಸಂಖ್ಯೆಯನ್ನು ಹಾಜರಿ ಪುಸ್ತಕದಂತೆ ಒಂದು ಹಾಳೆಯಲ್ಲಿ ಬರೆದಿಟ್ಟೆ, ಫೋನಿನ ಕರೆಪಟ್ಟಿಯ ಚಿತ್ರವನ್ನೂ ತೆಗೆದಿಟ್ಟೆ. ಆ ಒಂದು ಹಾಳೆ ಮುಂದೆ ಎರಡು ಕಡೆ ಕೆಲಸಕ್ಕೆ ಬಂತು.

ಆ ಹುಡುಗನ ಒಂದು ಮಾತನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. “ಸರ್, ಈಗ ಒಂದು ಸಾವಿರ ಹಾಕ್ಬಿಡಿ, ಉಳಿದಿದ್ದನ್ನ ಸೆಟಲ್‌ಮೆಂಟ್ ಮಾಡಿಸಿಕೊಡ್ತೀನಿ, ತಲೆನೋವು ಹೋಗುತ್ತೆ” ಎಂದ. ಪೀಡೆ ತೊಲಗಲಿ ಎಂದು ಒಂದು ಸಾವಿರ ಹಾಕುವ ಆಸೆ ನನಗೂ ಆಯಿತು. ಆದರೆ ಹಾಗೆ ಹಾಕಿದ ಹಣ ‘ಬಾಕಿ ಇತ್ತು, ಸಾಲಗಾರ ಒಪ್ಪಿದ’ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಕ್ರೆಡಿಟ್ ವರದಿಯಲ್ಲಿ ‘ಕ್ಲೋಸ್ಡ್’ ಎಂದಿರಬೇಕಾದ ಖಾತೆ ‘ಸೆಟಲ್ಡ್’ ಎಂದಾಗುತ್ತದೆ, ಮತ್ತು ಮುಂದೆ ಸಾಲ ಕೊಡುವವರು ಆ ಪದವನ್ನು ‘ಪೂರ್ತಿ ಕಟ್ಟಲಿಲ್ಲ’ ಎಂದೇ ಓದುತ್ತಾರೆ. ಕಾನೂನಿನ ದೃಷ್ಟಿಯಿಂದಲೂ ಎಚ್ಚರ ಬೇಕು. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಹಣಕ್ಕೆ ದಾವೆ ಹೂಡಲು ಮೂರು ವರ್ಷಗಳ ಅವಧಿಯಿದೆ. ಅದು ಮುಗಿಯುವ ಮೊದಲು ಭಾಗಶಃ ಪಾವತಿ ಮಾಡಿದರೆ ಎಣಿಕೆ ಹೊಸದಾಗಿ ಶುರುವಾಗಬಹುದು, ಮುಗಿದ ಮೇಲೂ ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ 1872ರ ಕರಾರು ಕಾಯ್ದೆಯ 25ನೇ ಕಲಂ ಅದನ್ನು ಹೊಸ ಕರಾರೆಂದು ಪರಿಗಣಿಸುತ್ತದೆ. ನನ್ನದು ಇಲ್ಲದ ಬಾಕಿ. ಇದ್ದಿದ್ದರೆ ಅದರ ಅವಧಿ ಆಗಿನ್ನೂ ಮುಗಿದಿರಲಿಲ್ಲ, ಏಕೆಂದರೆ ಕೊರೊನಾ ಕಾರಣಕ್ಕೆ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಸುಪ್ರೀಂ ಕೋರ್ಟ್ ಈ ಎಣಿಕೆಯಿಂದ ಬಿಟ್ಟಿತ್ತು. ಹಾಗಾಗಿ ಒಂದು ರೂಪಾಯಿಯನ್ನೂ ಹಾಕಲಿಲ್ಲ, ವಾಟ್ಸ್ಆ್ಯಪ್‌ನಲ್ಲಿ ‘ನೋಡೋಣ’ ಎಂಬ ಉತ್ತರವನ್ನೂ ಕೊಡಲಿಲ್ಲ.

ಸಹಾಯವಾಣಿಯ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ. ಹಳೆಯ ಸಾಲದ ಸಂಖ್ಯೆಯನ್ನು ಅದು ಗುರುತಿಸುವುದಿಲ್ಲ, ಹೊಸ ಸಂಖ್ಯೆ ಒತ್ತಿದರೆ ಬಾಕಿ ಕಟ್ಟಲು ಒಂದು, ಕಂತಿನ ವಿವರಕ್ಕೆ ಎರಡು ಎನ್ನುತ್ತದೆ, ‘ನನ್ನ ಸಾಲ ಮುಗಿದಿದೆ’ ಎನ್ನುವವನಿಗೆ ಒತ್ತಲು ಯಾವ ಗುಂಡಿಯೂ ಇಲ್ಲ. ಮನುಷ್ಯರು ಸಿಕ್ಕಾಗ ಒಬ್ಬರು ನಾನು ಕೊರೊನಾ ಕಾಲದ ಮೊರಟೋರಿಯಂ (ಕಂತು ಮುಂದೂಡಿಕೆ) ಪಡೆದಿರಬೇಕೆಂದು ಊಹಿಸಿದರು, ನಾನು ಪಡೆದಿರಲಿಲ್ಲ. ಇದಕ್ಕಿಂತ ಬಿ.ಎಚ್. ರಸ್ತೆಯ ಶಾಖೆಗೆ ಹೋದದ್ದೇ ಲೇಸಾಯಿತು. ಅಲ್ಲಿದ್ದ ಯುವ ಉದ್ಯೋಗಿ ನನ್ನ ರಸೀದಿಯನ್ನೂ ಎನ್‌ಒಸಿಯನ್ನೂ ನೋಡಿ, ತಗ್ಗಿದ ದನಿಯಲ್ಲಿ, “ಹಳೇ ಸಿಸ್ಟಮ್ ನಮಗೆ ಓಪನ್ ಆಗಲ್ಲ ಸರ್, ಹೆಡ್ ಆಫೀಸಲ್ಲಿ ಮಾತ್ರ ನೋಡಬಹುದು, ನೀವು ರೈಟಿಂಗಲ್ಲಿ ಕೇಳಿ” ಎಂದರು. ನನ್ನ ಪ್ರಕರಣದಲ್ಲಿ ಕಂಪನಿಯ ಕಡೆಯಿಂದ ಬಂದ ಅತ್ಯಂತ ಉಪಯುಕ್ತ ಮಾತು ಅದೊಂದೇ.

ಬರೆಯುವ ಮೊದಲು ನನ್ನ ಕ್ರೆಡಿಟ್ ವರದಿಯನ್ನು ತರಿಸಿಕೊಂಡೆ. ನಮ್ಮ ದೇಶದಲ್ಲಿ ಇಂಥ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಹಣ ಕೇಳುವ ಪುಟಗಳ ನಡುವೆ ಆ ಉಚಿತ ಕೊಂಡಿಯನ್ನು ಹುಡುಕಬೇಕಾಗುತ್ತದೆ, ಅಷ್ಟೆ. ವರದಿಯಲ್ಲಿ ನನ್ನ ಒಂದೇ ಸಾಲ ಎರಡು ಸಲ ಇತ್ತು. ಒಂದು ಕಡೆ ಹಳೆಯ ಕಂಪನಿಯ ಹೆಸರಿನಲ್ಲಿ, ಹಳೆಯ ಸಂಖ್ಯೆಯೊಂದಿಗೆ, ‘2021ರ ಜುಲೈನಲ್ಲಿ ಮುಕ್ತಾಯ, ಬಾಕಿ ಸೊನ್ನೆ’ ಎಂದಿತ್ತು. ಇನ್ನೊಂದು ಕಡೆ ಹೊಸ ಕಂಪನಿಯ ಹೆಸರಿನಲ್ಲಿ, ಹೊಸ ಸಂಖ್ಯೆಯೊಂದಿಗೆ, ಅದೇ ಮಂಜೂರಾತಿ ದಿನಾಂಕ, ಅದೇ ₹60,000, ಆದರೆ ‘ಚಾಲ್ತಿ, ಬಾಕಿ ಇದೆ’ ಎಂದಿತ್ತು. ಒಬ್ಬನೇ ಹುಡುಗನ ಹೆಸರು ಎರಡು ಹಾಜರಿ ಪುಸ್ತಕಗಳಲ್ಲಿ, ಒಂದರಲ್ಲಿ ಟಿಸಿ ಪಡೆದು ಹೋದವನಾಗಿ, ಇನ್ನೊಂದರಲ್ಲಿ ಮೂರು ವರ್ಷದಿಂದ ಗೈರುಹಾಜರಾದವನಾಗಿ ಇದ್ದಂತೆ.

ಇದನ್ನು ನೋಡಿದ ಮೇಲೆ ನಾನು ಕೇಳಬೇಕಾದ ಪ್ರಶ್ನೆಯೇ ಬದಲಾಯಿತು. ಅದುವರೆಗೆ ‘ನನ್ನ ಬಳಿ ಬಾಕಿ ಇಲ್ಲ’ ಎಂದು ಹೇಳುತ್ತಿದ್ದೆ, ಅವರು ‘ಸಿಸ್ಟಮ್‌ನಲ್ಲಿ ಇದೆ’ ಎನ್ನುತ್ತಿದ್ದರು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಈಗ ‘ಈ ಬಾಕಿ ಯಾವ ದಿನ, ಯಾವ ಪುಸ್ತಕದಲ್ಲಿ ಹುಟ್ಟಿತು? ವಿಲೀನಕ್ಕೆ ಹಿಂದಿನ ದಿನದವರೆಗಿನ ಹಳೆಯ ಕಂಪನಿಯ ಲೆಡ್ಜರ್ (ಖಾತೆಯ ಲೆಕ್ಕಪುಸ್ತಕ) ಪ್ರತಿಯನ್ನೂ, ಹೊಸ ವ್ಯವಸ್ಥೆಗೆ ಅದನ್ನು ತಂದಾಗಿನ ಆರಂಭಿಕ ಶಿಲ್ಕನ್ನೂ ಅಕ್ಕಪಕ್ಕ ಇಟ್ಟು ಕೊಡಿ’ ಎಂದು ಬರೆದೆ. ವಿಲೀನದ ನಂತರದ ತಪ್ಪು ವಸೂಲಿಯ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಇದೊಂದೇ: ಬಾಕಿಯನ್ನು ನಿರಾಕರಿಸುತ್ತ ಕೂರಬೇಡಿ, ಹಳೆಯ ಲೆಡ್ಜರ್ ಕೇಳಿ. ನಿರಾಕರಣೆಗೆ ಸಿದ್ಧ ಉತ್ತರವಿದೆ. ಲೆಡ್ಜರ್ ಕೇಳಿದರೆ ಯಾರಾದರೊಬ್ಬರು ಎದ್ದು ಹೋಗಿ ಹುಡುಕಲೇಬೇಕು.

ಪತ್ರದಲ್ಲಿ ಇನ್ನೊಂದು ವಾದವನ್ನೂ ಸೇರಿಸಿದೆ. ಕಂಪನಿಗಳ ವಿಲೀನ 2013ರ ಕಂಪನಿ ಕಾಯ್ದೆಯ 230ರಿಂದ 232ನೇ ಕಲಂಗಳ ಅಡಿಯಲ್ಲಿ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಆದೇಶದೊಂದಿಗೆ ನಡೆಯುತ್ತದೆ, ಹಳೆಯ ಕಂಪನಿಯ ಆಸ್ತಿ ಮಾತ್ರವಲ್ಲ, ಹೊಣೆಗಳೂ ಹೊಸ ಕಂಪನಿಗೆ ಬರುತ್ತವೆ. ವಸೂಲಿ ಮಾಡುವ ಹಕ್ಕು ಯಾವ ಆದೇಶದಿಂದ ಬಂದಿತೋ, ಹಳೆಯ ಕಂಪನಿ ಮುದ್ರೆಯೊತ್ತಿ ಕೊಟ್ಟ ರಸೀದಿಗೂ ಎನ್‌ಒಸಿಗೂ ಬದ್ಧವಾಗಿರುವ ಹೊಣೆಯೂ ಅದೇ ಆದೇಶದಿಂದ ಬಂದಿದೆ ಎಂದು ಬರೆದೆ. ದಂಡಬಡ್ಡಿಯ ವಿಚಾರದಲ್ಲಿ, ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವುದನ್ನೇ ನಿಲ್ಲಿಸಿದೆ, ಚಾಲ್ತಿ ಸಾಲಗಳಿಗೂ 2024ರ ಜೂನ್ 30ರೊಳಗೆ ಹೊಸ ಕ್ರಮ ಅನ್ವಯವಾಗಬೇಕಿತ್ತು ಎಂದು ನೆನಪಿಸಿದೆ. ಪತ್ರವನ್ನು ನವೆಂಬರ್ 20ರಂದು ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ಪ್ರತಿಯನ್ನು ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. (ಆಗಿನ್ನೂ ಆ ಸೇವೆ ಪ್ರತ್ಯೇಕವಾಗಿತ್ತು. 2025ರಲ್ಲಿ ಅದೂ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ.)

ಕುಂದುಕೊರತೆ ಕೋಶ 27ನೇ ದಿನ ಉತ್ತರಿಸಿತು: ‘ನಮ್ಮ ದಾಖಲೆಗಳ ಪ್ರಕಾರ ತಮ್ಮ ಖಾತೆಯಲ್ಲಿ ಬಾಕಿ ಕಾಣಿಸುತ್ತಿದೆ, ದಯವಿಟ್ಟು ಪಾವತಿಸಿ.’ ಲೆಡ್ಜರ್ ಬಗ್ಗೆ ಒಂದು ಅಕ್ಷರವಿಲ್ಲ, ರಸೀದಿಯ ಬಗ್ಗೆಯೂ ಇಲ್ಲ. ಪತ್ರವನ್ನು ಓದಿದವರು ಬರೆದ ಉತ್ತರ ಅದಲ್ಲ. ಐದರಲ್ಲಿ ಒಂದು ಅಂಕ ಕೊಡುತ್ತೇನೆ, ಅದೂ 30 ದಿನದೊಳಗೆ ಉತ್ತರಿಸಿದ್ದಕ್ಕೆ. ಆ ಉತ್ತರವಿದ್ದದ್ದರಿಂದಲೇ ಮುಂದಿನ ಬಾಗಿಲು ತೆರೆಯಿತು.

ಈ ನಡುವೆ ಡಿಸೆಂಬರ್ 5ರಂದು ಕ್ರೆಡಿಟ್ ಮಾಹಿತಿ ಸಂಸ್ಥೆಯೊಂದರಲ್ಲಿ ಆನ್‌ಲೈನ್ ತಕರಾರು ಸಲ್ಲಿಸಿದ್ದೆ. ಸಲ್ಲಿಸುವುದು ಸುಲಭ, ಶುಲ್ಕವಿಲ್ಲ. ಆದರೆ ನಾನು ಬಳಸಿದ ಪುಟದಲ್ಲಿ ತಪ್ಪಿನ ಬಗೆಯನ್ನು ಅವರು ಕೊಟ್ಟ ಪಟ್ಟಿಯಿಂದಲೇ ಆರಿಸಬೇಕಿತ್ತು. ‘ಈ ಖಾತೆ ನನ್ನದಲ್ಲ’ ಎಂದಿತ್ತು, ‘ಮೊತ್ತ ತಪ್ಪು’ ಎಂದಿತ್ತು, ‘ಒಂದೇ ಖಾತೆ ಎರಡು ಸಲ ಬಂದಿದೆ’ ಎಂಬುದನ್ನು ಹುಡುಕಲು ಮೂರು ಪರದೆ ದಾಟಬೇಕಾಯಿತು. ‘ನನ್ನದಲ್ಲ’ ಎಂದು ಆರಿಸಿದ್ದರೆ ತಕರಾರು ಬಿದ್ದುಹೋಗುತ್ತಿತ್ತು, ಏಕೆಂದರೆ ಸಾಲ ನನ್ನದೇ. ಇನ್ನೊಂದು ಮಿತಿಯನ್ನೂ ತಿಳಿದಿರಬೇಕು: ಸಾಲ ಕೊಟ್ಟವರು ಒಪ್ಪದೆ ಕ್ರೆಡಿಟ್ ಸಂಸ್ಥೆ ತಾನಾಗಿ ದಾಖಲೆ ತಿದ್ದುವುದಿಲ್ಲ, ನಮ್ಮ ದೂರನ್ನು ಅವರಿಗೇ ಕಳಿಸಿ ಉತ್ತರ ಕಾಯುತ್ತದೆ. ತಪ್ಪು ಮಾಡಿದವರನ್ನೇ ತಪ್ಪಾಗಿದೆಯೇ ಎಂದು ಕೇಳುವ ಈ ಕ್ರಮಕ್ಕೆ ಹಲ್ಲು ಬಂದದ್ದು ರಿಸರ್ವ್ ಬ್ಯಾಂಕಿನ 2023ರ ಅಕ್ಟೋಬರ್ 26ರ ಸುತ್ತೋಲೆಯಿಂದ. ಅದರಂತೆ ದೂರು ಕೊಟ್ಟ 30 ದಿನಗಳಲ್ಲಿ ಪರಿಹಾರವಾಗದಿದ್ದರೆ ದಿನಕ್ಕೆ ₹100 ಗ್ರಾಹಕನಿಗೆ ಸಲ್ಲಬೇಕು, ಸಾಲ ಕೊಟ್ಟ ಸಂಸ್ಥೆ 21 ದಿನಗಳೊಳಗೆ ಸರಿಯಾದ ಮಾಹಿತಿ ಕಳಿಸದಿದ್ದರೆ ಆ ಹಣ ಅದರದ್ದೇ ಹೊಣೆ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ನಿಯಮ ಶಾಲೆಯ ನನ್ನ ಸಹೋದ್ಯೋಗಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಅದುವರೆಗೆ ಗೊತ್ತಿರಲಿಲ್ಲ.

ಡಿಸೆಂಬರ್ 24ರಂದು ಒಂಬುಡ್ಸ್‌ಮನ್‌ಗೆ ದೂರು ಕೊಟ್ಟೆ. ಬ್ಯಾಂಕುಗಳಿಗೆ 2006ರದು, ಹಣಕಾಸು ಕಂಪನಿಗಳಿಗೆ 2018ರದು, ಡಿಜಿಟಲ್ ವಹಿವಾಟಿಗೆ 2019ರದು ಎಂದು ಮೂರಾಗಿದ್ದ ಯೋಜನೆಗಳನ್ನು 2021ರ ನವೆಂಬರ್ 12ರಂದು ಒಂದುಗೂಡಿಸಿದ್ದೇ ಈ ಸಮಗ್ರ ಒಂಬುಡ್ಸ್‌ಮನ್ ಯೋಜನೆ. ಗ್ರಾಹಕನಿಗೆ ಅನುಕೂಲವಾದ ವಿಲೀನವೆಂದರೆ ಇದು, ಯಾವ ಊರಿನ ಯಾವ ಒಂಬುಡ್ಸ್‌ಮನ್ ಎಂದು ಹುಡುಕುವ ಕಷ್ಟವಿಲ್ಲ. ಸಿಎಂಎಸ್ ಎಂಬ ಪೋರ್ಟಲಿನಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು ದೂರು ದಾಖಲಿಸಬಹುದು. ಅದು ಬೇಡವೆಂದರೆ ಕಾಗದದಲ್ಲಿ ಬರೆದು ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು, ಯಾವ ಭಾಷೆಯಲ್ಲಿ ಬರೆದರೂ ನಡೆಯುತ್ತದೆ. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡುತ್ತಾರೆ. ಯಾವ ದಾಖಲೆಗಳು ಬೇಕು ಎಂದು ಕೇಳಿದಾಗ ನನಗೆ ಸಿಕ್ಕ ಉತ್ತರ ಚೊಕ್ಕವಾಗಿತ್ತು, ನನ್ನ ಮಾತು ಮುಗಿಯುವವರೆಗೂ ಕೇಳಿಸಿಕೊಂಡರು.

ಈ ಸೇವೆಗೆ ಶುಲ್ಕವಿಲ್ಲ, ವಕೀಲರ ಮೂಲಕ ಸಲ್ಲಿಸಲು ಅವಕಾಶವೂ ಇಲ್ಲ, ದೂರುದಾರ ತಾನೇ ಅಥವಾ ತಾನು ಅಧಿಕಾರ ಕೊಟ್ಟ ಬೇರೊಬ್ಬರ ಮೂಲಕ ಬರೆಯಬೇಕು. ಅದರಲ್ಲಿ ಗುಣವೂ ಇದೆ, ದೋಷವೂ ಇದೆ. ಹೆಚ್ಚಾಗಿ ಕಾಗದ ನೋಡಿಯೇ ಇಲ್ಲಿ ತೀರ್ಮಾನವಾಗುವುದರಿಂದ, ಕಾಗದವನ್ನು ಓರಣವಾಗಿ ಜೋಡಿಸಲು ಬಲ್ಲವನಿಗೆ ಇದು ಒಳ್ಳೆಯ ಸೇವೆ. ರಸೀದಿಯನ್ನು ಕಳೆದುಕೊಂಡ, ಇಂಗ್ಲಿಷ್ ಪತ್ರ ಕಂಡರೆ ಹೆದರುವ ಸಾಲಗಾರನಿಗೆ ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಡಬೇಕು. ಮೊದಲು ಕಂಪನಿಗೆ ಬರೆದು, ಅವರು ತಿರಸ್ಕರಿಸಿದ ಅಥವಾ 30 ದಿನ ಕಳೆದರೂ ಉತ್ತರಿಸದ ಮೇಲೆಯೇ ಇಲ್ಲಿಗೆ ಬರಬೇಕು, ಅದಕ್ಕೆ ಆಗ ಒಂದು ವರ್ಷದ ಗಡುವಿತ್ತು. ನೇರವಾಗಿ ಬಂದವರ ದೂರು ಹೊಸ್ತಿಲಲ್ಲೇ ನಿಲ್ಲುತ್ತದೆ, ಅದೇ ವಿಷಯ ನ್ಯಾಯಾಲಯದಲ್ಲಿದ್ದರೂ ನಿಲ್ಲುತ್ತದೆ. ಹಣಕಾಸು ಕಂಪನಿಯ ಆಸ್ತಿ ₹100 ಕೋಟಿಗಿಂತ ಕಡಿಮೆಯಿದ್ದು ಅದು ಠೇವಣಿಯನ್ನೂ ಪಡೆಯದ ಕಂಪನಿಯಾಗಿದ್ದರೆ ಈ ಯೋಜನೆ ಅದನ್ನು ಮುಟ್ಟುವುದಿಲ್ಲ. ಮನೆ ಸಾಲದ ಹೌಸಿಂಗ್ ಫೈನಾನ್ಸ್ ಕಂಪನಿಗಳ ದೂರು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ಹೋಗಬೇಕು.

ನಾನು ಲಗತ್ತಿಸಿದ್ದು ಆರು ಹಾಳೆ: ರಸೀದಿ, ಎನ್‌ಒಸಿ, ಸಾಲದ ನಮೂದಿಲ್ಲದ ಆರ್‌ಸಿ, ಒಂದೇ ಸಾಲ ಎರಡು ಸಲ ಕಾಣುವ ಕ್ರೆಡಿಟ್ ವರದಿಯ ಪುಟ, ಕಂಪನಿಯ ಉತ್ತರ, ಕರೆಗಳ ಹಾಳೆ. ಕೋರಿಕೆಯಲ್ಲಿ ಸಿಟ್ಟಿನ ಮಾತು ಒಂದನ್ನೂ ಬರೆಯದೆ, ಹಳೆಯ ಲೆಡ್ಜರ್ ತರಿಸಿ ನೋಡಬೇಕು, ಹೊಸ ಸಂಖ್ಯೆಯ ಖಾತೆಯನ್ನು ಅಳಿಸಬೇಕು, ನಾಲ್ಕೂ ಕ್ರೆಡಿಟ್ ಸಂಸ್ಥೆಗಳಿಗೆ ತಿದ್ದುಪಡಿ ಕಳಿಸಬೇಕು ಎಂದಷ್ಟೇ ಕೇಳಿದೆ. ದೂರು ತಲುಪಿದ ಮೇಲೆ ಕಂಪನಿ 15 ದಿನಗಳಲ್ಲಿ ಲಿಖಿತ ಹೇಳಿಕೆ ಕೊಡಬೇಕೆಂಬುದು ಯೋಜನೆಯ ನಿಯಮ. ಜನವರಿಯ ಮೂರನೆಯ ವಾರದಲ್ಲಿ, ಅದುವರೆಗೆ ಫೋನ್ ಎತ್ತದಿದ್ದ ನೋಡಲ್ ಅಧಿಕಾರಿಯ, ಅಂದರೆ ಒಂಬುಡ್ಸ್‌ಮನ್ ಮುಂದೆ ಕಂಪನಿಯ ಪರ ಉತ್ತರಿಸುವವರ, ಕಚೇರಿಯಿಂದಲೇ ನನಗೆ ಕರೆ ಬಂತು. ಮಾತನಾಡಿದ ಹೆಂಗಸು ಸೌಜನ್ಯದಿಂದ, “ಮೇಷ್ಟ್ರೇ, ನಿಮ್ಮ ಹಳೇ ಲೆಡ್ಜರ್ ತೆಗೆಸಿ ನೋಡಿದ್ವಿ. ಬೌನ್ಸ್ ಆಗಿದ್ದು ಹೊಸ ಸಿಸ್ಟಮ್‌ಗೆ ಬಂದಿದೆ, ಕ್ಯಾಶ್ ಕಟ್ಟಿದ್ದು ಬಂದಿಲ್ಲ” ಎಂದರು. ಹಳೆಯ ಕಂಪನಿಯಲ್ಲಿ ಶಾಖೆಯ ನಗದು ರಸೀದಿಗಳು ಬೇರೆಯೇ ಕಡತದಲ್ಲಿದ್ದವಂತೆ. ಸಾಗಣೆಯ ವೇಳೆ ಒಂದು ಕಡತ ಬಂತು, ಇನ್ನೊಂದು ಉಳಿಯಿತು. ಮೂರು ತಿಂಗಳ ಓಡಾಟದ ಮೂಲ ಇಷ್ಟೇ ಆಗಿತ್ತು. ಲಾಕ್‌ಡೌನಿನ ತಿಂಗಳುಗಳಲ್ಲಿ ನನ್ನಂತೆಯೇ ಶಾಖೆಗೆ ಹೋಗಿ ನಗದು ಕಟ್ಟಿದವರು ಎಷ್ಟು ಮಂದಿ ಎಂದು ಕೇಳಿದೆ. ಆ ಪ್ರಶ್ನೆಗೆ ಅವರು ಉತ್ತರಿಸಲಿಲ್ಲ.

ಫೆಬ್ರವರಿ 11ರಂದು ಕಂಪನಿಯ ಪತ್ರ ಬಂತು, ಬಾಕಿ ರದ್ದಾಗಿದೆ, ಹೊಸ ಎನ್‌ಒಸಿ ಲಗತ್ತಿಸಿದೆ ಎಂದು. ಅದರ ಆಧಾರದ ಮೇಲೆ ಒಂಬುಡ್ಸ್‌ಮನ್ ಕಚೇರಿಯಲ್ಲಿ ದೂರು ರಾಜಿಯಲ್ಲಿ ಮುಕ್ತಾಯವಾಯಿತು. ಆಗಿನ 2021ರ ಯೋಜನೆಯಲ್ಲಿ ನಷ್ಟಕ್ಕೆ ₹20 ಲಕ್ಷದವರೆಗೆ, ಸಮಯ ಮತ್ತು ಮಾನಸಿಕ ತೊಂದರೆಗೆ ₹1 ಲಕ್ಷದವರೆಗೆ ಪರಿಹಾರಕ್ಕೆ ಅವಕಾಶವಿತ್ತು. ನನಗೆ ತೋರಿಸಬಹುದಾದ ಆರ್ಥಿಕ ನಷ್ಟವಿರಲಿಲ್ಲ, ಹಾಗಾಗಿ ಕೇಳಲಿಲ್ಲ. ಭಾವನಿಗೆ ಹೋದ ಕರೆಗಾಗಿಯಾದರೂ ಕೇಳಬೇಕಿತ್ತೆಂದು ಅಕ್ಕ ಈಗಲೂ ಹೇಳುತ್ತಾಳೆ, ಅವಳ ಮಾತಿನಲ್ಲಿ ನ್ಯಾಯವಿದೆ. ಕ್ರೆಡಿಟ್ ವರದಿ ಸರಿಯಾದದ್ದು ಫೆಬ್ರವರಿ 14ಕ್ಕೆ. 30 ದಿನದ ಗಡುವು ಜನವರಿ 4ಕ್ಕೆ ಮುಗಿದಿದ್ದರಿಂದ 41 ದಿನಗಳ ವಿಳಂಬಕ್ಕೆ ₹4,100 ಆಗುತ್ತದೆಂದು ಲೆಕ್ಕ ಬರೆದು ಕಳಿಸಿದೆ, 20ರಂದು ಅದು ನನ್ನ ಖಾತೆಗೆ ಬಂತು.

ಒಂಬುಡ್ಸ್‌ಮನ್ ಸೇವೆಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕ್ರೆಡಿಟ್ ಸಂಸ್ಥೆಯ ತಕರಾರು ಸೇವೆಗೆ ಎರಡೂವರೆ. ಸಹಾಯವಾಣಿಗೆ ಅಂಕ ಕೊಡಲು ಉತ್ತರಪತ್ರಿಕೆಯೇ ಖಾಲಿಯಿದೆ. ಮೇ ತಿಂಗಳಲ್ಲಿ ನಾಲ್ಕೂ ಸಂಸ್ಥೆಗಳ ಉಚಿತ ವರದಿಗಳನ್ನು ತೆಗೆಸಿ ನೋಡಿದಾಗ ಮೂರರಲ್ಲಿ ಹೊಸ ಸಂಖ್ಯೆಯ ಖಾತೆ ಇರಲಿಲ್ಲ, ನಾಲ್ಕನೆಯದರಲ್ಲಿ ಇನ್ನೂ ‘ಚಾಲ್ತಿ’ ಎಂದೇ ಇತ್ತು. ಫೆಬ್ರವರಿಯ ಪತ್ರವನ್ನು ಲಗತ್ತಿಸಿ ಅಲ್ಲಿಯೂ ತಕರಾರು ಕೊಟ್ಟೆ, ಜೂನ್‌ನಲ್ಲಿ ಅದೂ ಅಳಿಯಿತು. ಹಳೆಯ ಎನ್‌ಒಸಿ, ಹೊಸ ಎನ್‌ಒಸಿ, ಶಾಯಿ ಮಾಸುತ್ತಿರುವ ₹3,644ರ ರಸೀದಿ ಮತ್ತು ಅದರ ಜೆರಾಕ್ಸ್ ಪ್ರತಿ, ನಾಲ್ಕನ್ನೂ ಸ್ಕೂಟರಿನ ಆರ್‌ಸಿಯ ಜೊತೆ ಒಂದೇ ಪ್ಲಾಸ್ಟಿಕ್ ಲಕೋಟೆಯಲ್ಲಿ ಇಟ್ಟಿದ್ದೇನೆ.